ಎಡಿನ್‌ಬರೊ ಮನೆಗಳ ಮರಳುಗಲ್ಲು: ಸವಕಳಿಯ ಮತ್ತು ದುರಸ್ತಿಯ ಚರಿತ್ರೆ

ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೊದಲ್ಲಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಮೊದಲನೆಯ ಮಹಾಯುದ್ಧದವರೆಗೆ ಕಟ್ಟಿದ ಮನೆಗಳಲ್ಲಿ ಬಹುಪಾಲು ಮರಳುಗಲ್ಲಿನವು. ನೀರು ತಂದು ಹರಡಿದ ಮರಳು ಪದರಪದರವಾಗಿ ಹುದುಗಿ, ಕಣಗಳ ನಡುವೆ ಸಿಲಿಕಾ, ಸುಣ್ಣ ಅಥವಾ ಕಬ್ಬಿಣದ ಅಂಶ ಅಂಟಾಗಿ ಗಟ್ಟಿಗೊಂಡಾಗ ಈ ಕಲ್ಲು ಹುಟ್ಟುತ್ತದೆ. ಬಾದಾಮಿಯ ಗುಹಾಲಯಗಳನ್ನು ಕೊರೆದ ಕೆಂಬಂಡೆ, ವಯಸ್ಸಿನಲ್ಲಿ ಎಷ್ಟೋ ಹಿರಿದಾದರೂ, ಇದೇ ವರ್ಗಕ್ಕೆ ಸೇರಿದ್ದು. ಕಲ್ಲಿನ ಬಾಳಿಕೆಯನ್ನು ನಿರ್ಧರಿಸುವುದು ಮರಳಿನ ಕಣಕ್ಕಿಂತ ಮಿಗಿಲಾಗಿ ಈ ಅಂಟು, ಮತ್ತು ಕಣಗಳ ನಡುವೆ ಉಳಿದ ಸೂಕ್ಷ್ಮ ರಂಧ್ರಗಳಲ್ಲಿ ನೀರು ಓಡಾಡುವ ಬಗೆ. ಎಡಿನ್‌ಬರೊದ ಗೋಡೆಗಳು ಸವೆದ ಚರಿತ್ರೆಯನ್ನೂ ಅವುಗಳನ್ನು ಸರಿಪಡಿಸಲು ನಡೆದ ಪ್ರಯತ್ನಗಳ ಚರಿತ್ರೆಯನ್ನೂ ಒಟ್ಟಿಗೆ ಓದಿದರೆ, ಮಳೆ ಮತ್ತು ಹಿಮದಂತೆಯೇ ಸದುದ್ದೇಶದ ದುರಸ್ತಿಯೂ ಕಲ್ಲನ್ನು ಕೆಡಿಸಿದ್ದು ಕಾಣುತ್ತದೆ.

ಬೆಟ್ಟದ ಬೆನ್ನಿನ ಮೇಲೆ ಇಕ್ಕಟ್ಟಾಗಿ ಬೆಳೆದಿದ್ದ ಹಳೆಯ ಊರಿನಿಂದ ಹೊರಬರಲು ಪಟ್ಟಣಸಭೆಯು 1766ರಲ್ಲಿ ಸ್ಪರ್ಧೆಯೊಂದನ್ನು ಏರ್ಪಡಿಸಿ, ಜೇಮ್ಸ್ ಕ್ರೇಗ್ ಎಂಬ ಯುವ ವಾಸ್ತುಶಿಲ್ಪಿಯ ನಕ್ಷೆಯನ್ನು ಮರುವರ್ಷ ಅಂಗೀಕರಿಸಿತು. ಆ ನಕ್ಷೆಯಂತೆ ಮೈದಳೆದ ಬಡಾವಣೆಯೇ ನ್ಯೂ ಟೌನ್. ಅದರ ಅತ್ಯುತ್ತಮ ಕಲ್ಲು ಬಂದದ್ದು ನಗರಮಧ್ಯದಿಂದ ಪಶ್ಚಿಮಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದ ಕ್ರೇಗ್‌ಲೀತ್ ಗಣಿಯಿಂದ. ನೂರು ಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಈ ಗಣಿಯ ನಸುಬೂದು ಕಲ್ಲು ಬಹುತೇಕ ಅಪ್ಪಟ ಸಿಲಿಕಾ ಆಗಿದ್ದು, ಉಳಿಗೆ ಸುಲಭವಾಗಿ ಬಗ್ಗುತ್ತಿರಲಿಲ್ಲ. ಆದರೆ ಒಮ್ಮೆ ಕಡೆದ ಅಂಚು ಎರಡು ಶತಮಾನ ಕಳೆದರೂ ಮೊಂಡಾಗದೆ ನಿಂತ ಉದಾಹರಣೆಗಳು ಇಂದಿಗೂ ಬೀದಿಬೀದಿಯಲ್ಲಿ ಸಿಗುತ್ತವೆ. ಎಲ್ಲ ಮನೆಗಳಿಗೂ ಇಂಥ ದುಬಾರಿ ಕಲ್ಲು ದಕ್ಕಲಿಲ್ಲ. ಬೀದಿಗೆ ಕಾಣುವ ಮುಂಭಾಗಕ್ಕೆ ನುಣುಪಾಗಿ ಕಡೆದ ಕಲ್ಲು, ಹಿತ್ತಲಿನ ಗೋಡೆಗೆ ಒರಟು ಕಲ್ಲು ಎಂಬ ಭೇದ ಶ್ರೀಮಂತರ ಬೀದಿಗಳಲ್ಲೂ ಇತ್ತು.

ಮರಳುಗಲ್ಲನ್ನು ಗೋಡೆಯಲ್ಲಿ ಕೂರಿಸುವುದಕ್ಕೆ ಕಲ್ಲುಕುಟಿಗರು ಪಾಲಿಸುತ್ತಿದ್ದ ಮೊದಲ ನಿಯಮವೆಂದರೆ ಅದರ ಪದರಗಳು ಗಣಿಯಲ್ಲಿದ್ದಂತೆ ಗೋಡೆಯಲ್ಲೂ ಅಡ್ಡಲಾಗಿ ಮಲಗಿರಬೇಕು ಎಂಬುದು. ಪದರಗಳು ಗೋಡೆಯ ಮುಖಕ್ಕೆ ಸಮಾನಾಂತರವಾಗಿ ನೆಟ್ಟಗೆ ನಿಂತರೆ, ಒಳಸೇರಿದ ನೀರು ಹೆಪ್ಪುಗಟ್ಟಿದಾಗಲೋ ಲವಣ ಹರಳುಗಟ್ಟಿದಾಗಲೋ ಮೇಲಿನ ಪದರವನ್ನು ಹಿಂದಿನಿಂದ ನೂಕುವುದರಿಂದ ಕಲ್ಲಿನ ಮುಖ ಹಾಳೆಹಾಳೆಯಾಗಿ ಕಳಚುತ್ತದೆ. ಅಗಲವಾದ ಮುಖ ಕಡಿಮೆ ಕಲ್ಲಿನಲ್ಲಿ ಸಿಗುವುದೆಂಬ ಕಾರಣಕ್ಕೆ, ಬೇಗ ಕಟ್ಟಿ ಮಾರುವ ಆತುರದಲ್ಲಿ, ಈ ನಿಯಮವನ್ನು ಮುರಿದವರು ಆ ಕಾಲದಲ್ಲೂ ಇದ್ದರು. ಅಂಥ ಕಲ್ಲು ಪಕ್ಕದ ಕಲ್ಲಿಗಿಂತ ಬೆರಳುಗಟ್ಟಲೆ ಹಿಂದೆ ಸರಿದಿರುವುದನ್ನು ಅನೇಕ ಬಾಗಿಲುವಾಡಗಳಲ್ಲಿ ಇಂದಿಗೂ ನೋಡಬಹುದು.

ಈ ನಗರದ ಚೆಲುವಿಗೆ ಕೆಲಸಗಾರರು ತೆತ್ತ ಬೆಲೆಯನ್ನು ಬಿಟ್ಟು ಕಲ್ಲಿನ ಚರಿತ್ರೆಯನ್ನು ಬರೆಯಲಾಗದು. ಸಿಲಿಕಾ ಹೆಚ್ಚಿರುವ ಕಲ್ಲನ್ನು ಕಡೆಯುವಾಗ ಏಳುವ ಸಣ್ಣ ದೂಳು ಶ್ವಾಸಕೋಶದಲ್ಲಿ ನೆಲೆಸಿ ಅದನ್ನು ಗಡುಸಾಗಿಸುತ್ತದೆ. ಎಡಿನ್‌ಬರೊದ ಕಲ್ಲುಕುಟಿಗರು ನಡುವಯಸ್ಸು ದಾಟುವುದೇ ಅಪರೂಪವೆಂಬ ಸಂಗತಿಯತ್ತ ವೈದ್ಯ ವಿಲಿಯಂ ಪಲ್ಟ್‌ನಿ ಆಲಿಸನ್ 1820ರ ದಶಕದಲ್ಲಿಯೇ ಗಮನ ಸೆಳೆದಿದ್ದರು. ಮುಂದೆ ಭೂವಿಜ್ಞಾನದ ಲೇಖಕರಾಗಿ ಹೆಸರಾದ ಹ್ಯೂ ಮಿಲ್ಲರ್ ಇದೇ ದಶಕದಲ್ಲಿ ನಗರದ ಸಮೀಪ ಕಲ್ಲುಕೆಲಸ ಮಾಡಿ, ದೂಳಿನಿಂದ ಎದೆ ಕೆಡಿಸಿಕೊಂಡು ಊರಿಗೆ ಮರಳಿದವರು. ಇಂದು ದುರಸ್ತಿಗಾಗಿ ಕಲ್ಲು ಕತ್ತರಿಸುವವರೂ ಇದೇ ದೂಳನ್ನು ಎದುರಿಸುತ್ತಾರೆ.

ಹಳೆಯ ಕಟ್ಟುಗರ ಕೈಯಲ್ಲಿದ್ದ ಗಾರೆ ಸುಣ್ಣದ್ದು. ಫೋರ್ತ್ ಕೊಲ್ಲಿಯ ಆಚೆ ದಡದ ಚಾರ್ಲ್ಸ್‌ಟೌನ್‌ನಲ್ಲಿ ಎಲ್ಗಿನ್ ಅರ್ಲ್‌ಗಳ ಜಮೀನಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಎದ್ದು, ಕೊನೆಗೆ ಹದಿನಾಲ್ಕಕ್ಕೆ ಬೆಳೆದ ಸುಣ್ಣದ ಗೂಡುಗಳ ಸಾಲು ಬಹುಕಾಲ ಈ ಸುಣ್ಣವನ್ನು ಸುಟ್ಟು ದೋಣಿಗಳಲ್ಲಿ ಕಳಿಸುತ್ತಿತ್ತು. ಸುಣ್ಣದ ಗಾರೆ ಕಲ್ಲಿಗಿಂತ ಮೆತುವಾದದ್ದು, ಕಲ್ಲಿಗಿಂತ ಸುಲಭವಾಗಿ ನೀರನ್ನು ಹೀರಿ ಹೊರಬಿಡುವಂಥದ್ದು. ಗೋಡೆಗೆ ಸೇರಿದ ತೇವ ದರ್ಜುಗಳ ಮೂಲಕ, ಅಂದರೆ ಕಲ್ಲುಕಲ್ಲುಗಳ ನಡುವಿನ ಸಂದುಗಳ ಮೂಲಕ, ಆರಿಹೋಗುತ್ತಿತ್ತು. ಲವಣ ಹರಳುಗಟ್ಟುತ್ತಿದ್ದುದೂ ಅಲ್ಲಿಯೇ. ಗಾರೆ ಉದುರಿದರೆ ಕೆಲವು ದಶಕಗಳಿಗೊಮ್ಮೆ ಹೊಸದಾಗಿ ತುಂಬುತ್ತಿದ್ದರು, ಕಲ್ಲು ಉಳಿಯುತ್ತಿತ್ತು. ಒರಟು ಕಲ್ಲಿನ ಗೋಡೆಗಳಿಗೆ ಸುಣ್ಣ ಮತ್ತು ಸಣ್ಣ ಜಲ್ಲಿ ಕಲೆಸಿ ಎರಚುವ ಮೇಲ್ಗಾರೆಯೂ ಇತ್ತು. ಬರಿಗಲ್ಲೇ ಹಳೆಯ ಸೊಗಸೆಂಬ ನಂಬಿಕೆಯಿಂದ ಮುಂದಿನ ತಲೆಮಾರುಗಳು ಅದನ್ನು ಕೆತ್ತಿ ತೆಗೆದದ್ದು, ಎಂದೂ ಮಳೆಗೆ ಒಡ್ಡಲೆಂದು ಆರಿಸಿರದ ಕಲ್ಲನ್ನು ಮಳೆಗೆ ಒಡ್ಡಿದಂತಾಯಿತು.

ಕಲ್ಲಿದ್ದಲಿನ ಹೊಗೆ ಎರಡು ಬಗೆಯಲ್ಲಿ ಕೆಲಸ ಮಾಡಿತು. ಮಸಿ ಗೋಡೆಗಳನ್ನು ಕಪ್ಪಾಗಿಸಿತು. ಹೊಗೆಯಲ್ಲಿದ್ದ ಸಲ್ಫರ್ ಡೈಆಕ್ಸೈಡ್ ತೇವದೊಡನೆ ಸೇರಿ ಆಮ್ಲವಾಗಿ, ಸುಣ್ಣದ ಅಂಟಿರುವ ಕಲ್ಲುಗಳಲ್ಲಿ ಆ ಅಂಟನ್ನು ಜಿಪ್ಸಮ್ ಆಗಿ ಮಾರ್ಪಡಿಸಿ, ಹೊರಮೈಯಲ್ಲಿ ಗಡುಸಾದ ಕಪ್ಪು ಹೊಪ್ಪಳಿಕೆ ಕಟ್ಟಿತು. ಹೊಪ್ಪಳಿಕೆಯ ಹಿಂದಿನ ಕಲ್ಲು ಪುಡಿಯಾಗಿ, ಒಂದು ದಿನ ಅದು ಕಳಚಿದಾಗ ಒಳಗಿನ ಬಡಕಲು ಮೈ ಬಯಲಾಗುತ್ತಿತ್ತು. ಸುಣ್ಣದ ಅಂಶವೇ ಇಲ್ಲವೆನ್ನಬಹುದಾದ ಕ್ರೇಗ್‌ಲೀತ್ ಕಲ್ಲು ಕಪ್ಪಾದರೂ ಕೆಡಲಿಲ್ಲ. ಕಪ್ಪಾಗುವುದಕ್ಕೂ ಕೆಡುವುದಕ್ಕೂ ನಡುವಿನ ಈ ವ್ಯತ್ಯಾಸವನ್ನು ಮುಂದಿನವರು ಮರೆತದ್ದೇ ದೊಡ್ಡ ನಷ್ಟಕ್ಕೆ ದಾರಿಯಾಯಿತು.

ಅದಕ್ಕೂ ಮೊದಲು ಬಂದದ್ದು ಸಿಮೆಂಟು. ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು ಇಪ್ಪತ್ತನೆಯ ಶತಮಾನದಲ್ಲಿ ಸುಣ್ಣವನ್ನು ಗಾರೆ ಕೆಲಸದಿಂದ ಬಹುಮಟ್ಟಿಗೆ ಹೊರದಬ್ಬಿತು. 1956ರ ಹೊತ್ತಿಗೆ ಚಾರ್ಲ್ಸ್‌ಟೌನ್‌ನ ಗೂಡುಗಳೂ ಆರಿದವು. ಬೇಗ ಗಟ್ಟಿಯಾಗುವ, ನೀರು ಬಿಡದ ಈ ಗಾರೆಯಿಂದ ಸವೆದ ದರ್ಜುಗಳನ್ನು ತುಂಬಿದಾಗ ಗೋಡೆಯೊಳಗಿನ ತೇವಕ್ಕೆ ಉಳಿದ ದಾರಿ ಕಲ್ಲಿನ ಮೈಯೊಂದೇ. ಲವಣ ಈಗ ಗಾರೆಯಲ್ಲಲ್ಲ, ಕಲ್ಲಿನಲ್ಲಿಯೇ ಹರಳುಗಟ್ಟತೊಡಗಿತು. ಕಲ್ಲುಗಳೆಲ್ಲ ಒಳಕ್ಕೆ ಸವೆದು, ನಡುವಿನ ಸಿಮೆಂಟಿನ ಪಟ್ಟಿಗಳು ಮಾತ್ರ ಬಲೆಯಂತೆ ಮುಂದಕ್ಕೆ ಚಾಚಿ ನಿಂತ ಗೋಡೆಗಳು ಈ ತಪ್ಪಿನ ಸ್ಪಷ್ಟ ದಾಖಲೆ. ಕಿಟಕಿಯ ಅಂಚು, ಕಂಬದ ಬುಡಗಳಲ್ಲಿ ಸವೆದ ಕಲ್ಲಿನ ಮೇಲೆ ಬಣ್ಣ ಬೆರೆಸಿದ ಸಿಮೆಂಟನ್ನು ಮೆತ್ತಿ ಕಲ್ಲಿನ ಆಕಾರ ಕೊಡುವ ತೇಪೆಯೂ ಬಳಕೆಗೆ ಬಂತು. ಮೊದಲ ವರ್ಷಗಳಲ್ಲಿ ಅದು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಕೆಲಕಾಲದ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ, ಕೊನೆಗೆ ಹಿಂದಿನ ಕಲ್ಲನ್ನು ಕಿತ್ತುಕೊಂಡೇ ಕಳಚುತ್ತದೆ.

1956ರ ಶುದ್ಧ ಗಾಳಿ ಕಾಯ್ದೆಯ ನಂತರ ಹೊಗೆ ಇಳಿಮುಖವಾದಂತೆ, ಕಪ್ಪಾದ ಗೋಡೆಗಳನ್ನು ತೊಳೆದು ಮೂಲದ ಬಣ್ಣಕ್ಕೆ ತರುವ ಹುಮ್ಮಸ್ಸು ಹಬ್ಬಿತು. ಎಡಿನ್‌ಬರೊಗಿಂತ ಹೆಚ್ಚಿನ ಪ್ರಮಾಣದಲ್ಲಿ ಇದು ನಡೆದದ್ದು ಗ್ಲಾಸ್ಗೊದಲ್ಲಿ. ಹಲವು ಕುಟುಂಬಗಳು ಒಂದೇ ಮೆಟ್ಟಿಲಸಾಲನ್ನು ಹಂಚಿಕೊಂಡು ಬಾಳುವ ಬಹುಮಹಡಿಯ ಟೆನೆಮೆಂಟ್ ಮನೆಗಳನ್ನು ಕೆಡವುವ ಬದಲು ದುರಸ್ತಿ ಮಾಡಿ ಉಳಿಸುವ ನೀತಿ 1970ರ ದಶಕದಲ್ಲಿ ಅಲ್ಲಿ ಬಲಗೊಂಡಿತ್ತು, ಮತ್ತು ತೊಳೆದ ಗೋಡೆ ಆ ಪುನರುಜ್ಜೀವನದ ಕಣ್ಣಿಗೆ ಕಾಣುವ ಗುರುತಾಯಿತು. ಆ ನೀತಿ ಸಾವಿರಾರು ಮನೆಗಳನ್ನು ಉಳಿಸಿತೆಂಬುದು ಅಲ್ಲಗಳೆಯಲಾಗದ ಸಾಧನೆ. ಆದರೆ ಒತ್ತಡದಿಂದ ಮರಳು ಎರಚುವ ವಿಧಾನ ಕಲ್ಲಿನ ಹೊರಮೈಯನ್ನೂ ಉಳಿಯ ಗೆರೆಗಳನ್ನೂ ಸವೆಸಿತು. ಆಮ್ಲ ಮತ್ತು ಕ್ಷಾರಗಳ ಶೇಷ ರಂಧ್ರಗಳಲ್ಲಿ ಉಳಿದು ಹೊಸ ಲವಣವಾಯಿತು. ಹಿಸ್ಟಾರಿಕ್ ಸ್ಕಾಟ್ಲೆಂಡ್ ಸಂಸ್ಥೆಯ ಬೆಂಬಲದಿಂದ ಅಬರ್ಡೀನಿನ ರಾಬರ್ಟ್ ಗಾರ್ಡನ್ ವಿಶ್ವವಿದ್ಯಾಲಯದ ತಂಡ ನಡೆಸಿದ ಅಧ್ಯಯನಗಳು 1990ರ ದಶಕದ ಮೊದಲ ಭಾಗದಲ್ಲಿ ಈ ಹಾನಿಯನ್ನು ಕ್ರಮಬದ್ಧವಾಗಿ ದಾಖಲಿಸಿದವು. ಅದೇ ದಶಕದ ಕೊನೆಯಲ್ಲಿ ಎಡಿನ್‌ಬರೊದ ಸ್ಕಾಟ್ ಸ್ಮಾರಕವನ್ನು ಸರಿಪಡಿಸಿದಾಗ, ಅದರ ಮೂಲ ಕಲ್ಲಿನ ಬಿನ್ನಿ ಗಣಿಯನ್ನು ಮತ್ತೆ ತೆರೆದು ಹೊಸ ಕಲ್ಲು ತಂದರೂ, ಕಪ್ಪು ಮೈಯನ್ನು ತೊಳೆಯದೆ ಬಿಡುವ ವಿವೇಕವನ್ನು ತೋರಲಾಯಿತು.

ಮನೆಗಳ ಮಟ್ಟಿಗೆ ತಿರುವು ಇದಕ್ಕೂ ಮುಂಚೆಯೇ ಆರಂಭವಾಗಿತ್ತು. 1970ರಲ್ಲಿ ನಡೆದ ಸಮ್ಮೇಳನವೊಂದರ ಫಲವಾಗಿ ಎಡಿನ್‌ಬರೊ ನ್ಯೂ ಟೌನ್ ಸಂರಕ್ಷಣಾ ಸಮಿತಿ ರೂಪುಗೊಂಡು, ಮನೆಯವರಿಗೆ ಸಲಹೆಯನ್ನೂ ಧನಸಹಾಯವನ್ನೂ ಕೊಡತೊಡಗಿತು; ಮನೆ ನೋಡಿಕೊಳ್ಳುವ ಬಗೆಯನ್ನು ತಿಳಿಸುವ ಕೈಪಿಡಿಯನ್ನೂ 1978ರಲ್ಲಿ ಹೊರತಂದಿತು. 1994ರಲ್ಲಿ ಸ್ಥಾಪನೆಯಾದ ಸ್ಕಾಟಿಷ್ ಲೈಮ್ ಸೆಂಟರ್ ಸುಣ್ಣದ ಕೆಲಸವನ್ನು ಮತ್ತೆ ಕಲಿಸಲು ಚಾರ್ಲ್ಸ್‌ಟೌನನ್ನೇ ನೆಲೆಯಾಗಿಸಿಕೊಂಡಿತು. ಹೀಗೆ ಮರಳಿ ಬಂದ ಕ್ರಮದಲ್ಲಿ ದರ್ಜಿನ ಸಿಮೆಂಟನ್ನು ಕಲ್ಲಿನ ಅಂಚು ಒಡೆಯದಂತೆ ಕೈ ಉಳಿಯಿಂದ ಬಿಡಿಸಿ, ದರ್ಜಿನ ಅಗಲದ ಎರಡು ಪಟ್ಟಾದರೂ ಆಳಕ್ಕೆ ಹೋಗಿ, ದೂಳು ತೊಳೆದು ತೇವ ಮಾಡಿ, ಸುಣ್ಣದ ಗಾರೆಯನ್ನು ಒತ್ತಿ ತುಂಬಿ, ಅದು ಬೇಗ ಒಣಗದಂತೆ ಒದ್ದೆ ಗೋಣಿತಾಟು ಇಳಿಬಿಡುತ್ತಾರೆ. ಪೂರ್ತಿ ಕೆಟ್ಟ ಕಲ್ಲಾದರೆ ಅದನ್ನು ಸುಮಾರು ನೂರು ಮಿಲಿಮೀಟರ್ ಆಳಕ್ಕೆ ಚೌಕವಾಗಿ ಕೆತ್ತಿ ತೆಗೆದು, ಅದೇ ಅಳತೆಯ ಹೊಸ ಕಲ್ಲನ್ನು ಪದರದ ದಿಕ್ಕು ನೋಡಿ ಕೂರಿಸುತ್ತಾರೆ.

ಹೊಸ ಕಲ್ಲನ್ನು ಆರಿಸುವುದೇ ಕಷ್ಟದ ಭಾಗ. ಬಣ್ಣ ಹೊಂದಿದರೆ ಸಾಲದು, ರಂಧ್ರಗಳ ಸ್ವಭಾವವೂ ಹೊಂದಬೇಕು. ಹೊಸದು ಬಿಗಿಯಾಗಿದ್ದರೆ ಅದರ ಸುತ್ತಲಿನ ಹಳೆಯ ಕಲ್ಲು ನೀರನ್ನು ಹೊತ್ತು ಕೆಡುತ್ತದೆ. ಹಳೆಯ ಕಲ್ಲಿನ ಚೂರನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಈಗ ದೊರೆಯುವ ಕಲ್ಲುಗಳೊಡನೆ ಹೋಲಿಸುವ ಕೆಲಸವನ್ನು ಬ್ರಿಟಿಷ್ ಜಿಯಲಾಜಿಕಲ್ ಸರ್ವೇ ಮಾಡುತ್ತದೆ. ಕ್ರೇಗ್‌ಲೀತ್ ಗಣಿ 1942ರಲ್ಲಿ ಮುಚ್ಚಿ, ಕಸದಿಂದ ತುಂಬಿ, ಈಗ ಅದರ ಮೇಲೆ ಅಂಗಡಿಗಳ ಸಂಕೀರ್ಣ ನಿಂತಿರುವುದರಿಂದ ಹೋಲಿಕೆಯ ಕಲ್ಲನ್ನು ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್, ಡರ್ಬಿಷೈರ್‌ಗಳಿಂದಲೂ ತರಬೇಕಾಗುತ್ತದೆ.

ಇಷ್ಟೆಲ್ಲ ಕುಶಲತೆಗೂ ಮೊದಲು ಬೇಕಾದದ್ದು ಸೂರಿನ ದೋಣಿ ಮತ್ತು ಮಳೆನೀರಿನ ಕೊಳವೆಗಳ ದುರಸ್ತಿ, ಏಕೆಂದರೆ ಕೆಟ್ಟ ಕಲ್ಲುಗಳಲ್ಲಿ ಬಹಳಷ್ಟು ಸಿಗುವುದು ಸೋರುವ ಕೊಳವೆಯ ಆಸುಪಾಸಿನಲ್ಲಿಯೇ. ಒಂದು ಮೆಟ್ಟಿಲಸಾಲಿಗೆ ಎಂಟು ಹತ್ತು ಒಡೆಯರಿರುವಲ್ಲಿ ಒಬ್ಬರು ಒಪ್ಪದಿದ್ದರೂ ಇಂಥ ಕೆಲಸ ನಿಂತುಹೋಗಬಹುದಾಗಿತ್ತು. 2004ರ ಟೆನೆಮೆಂಟ್ ಕಾಯ್ದೆಯು, ಕ್ರಯಪತ್ರದಲ್ಲಿ ಬೇರೆ ನಿಯಮವಿಲ್ಲದ ಕಡೆ, ಛಾವಣಿ ಮತ್ತು ಹೊರಗೋಡೆಗಳ ಪಾಲನೆಯನ್ನು ಎಲ್ಲರ ಹೊಣೆಯಾಗಿಸಿ, ಬಹುಮತದ ತೀರ್ಮಾನ ಸಾಕೆಂದು ವಿಧಿಸಿತು. ನೆಲಮಹಡಿಯಲ್ಲಿರುವವರು ತಮ್ಮ ತಲೆಯ ಮೇಲೆ ನಾಲ್ಕು ಅಂತಸ್ತು ಎತ್ತರದಲ್ಲಿರುವ ದೋಣಿಯ ಖರ್ಚಿನಲ್ಲಿ ಪಾಲು ಕೊಡುವುದು ಈಗ ಆ ಕಾನೂನಿನಂತೆ ನಡೆಯುತ್ತದೆ.