ಕೋಟೆಯಾಚೆಯ ಯುದ್ಧ

ಶ್ರೀರಂಗಪಟ್ಟಣಕ್ಕೆ ಹೋದವರು 1799ರ ಮೇ 4ರಂದು ಇಂಗ್ಲಿಷರ ಸೇನೆ ನುಗ್ಗಿದ ಕೋಟೆಗೋಡೆಯನ್ನೂ ಟಿಪ್ಪು ಸುಲ್ತಾನ್ ಮಡಿದ ಜಾಗವನ್ನೂ ನೋಡಿಯೇ ಮರಳುತ್ತಾರೆ. ಆದರೆ ಆ ಕಾಲದ ಯುದ್ಧಗಳು ನಡೆದದ್ದು ಕೋಟೆಯ ಬುಡದಲ್ಲಿ ಮಾತ್ರವಲ್ಲ. ಸುತ್ತಲಿನ ರೈತರ ಹುಲ್ಲು, ಎತ್ತು, ತೋಟ, ಕೆರೆಗಳೂ ಅದರಲ್ಲಿ ಸಿಕ್ಕಿಕೊಂಡವು.

1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಕನಕಪುರದ ಮಾರ್ಗವಾಗಿ ಪಟ್ಟಣದತ್ತ ಬಂದ. ಶತ್ರುವಿಗೆ ಸಿಗಬಾರದೆಂದು ದಾರಿಯ ಮೇವನ್ನು ಟಿಪ್ಪು ಮೊದಲೇ ನಾಶಮಾಡಿಸಿದ್ದ. ಮೇ 15ರಂದು ಅರಕೆರೆ ಬಳಿಯ ಕಾಳಗವನ್ನು ಗೆದ್ದರೂ ಇಂಗ್ಲಿಷರಿಗೆ ಮುತ್ತಿಗೆ ಹಾಕಲಾಗಲಿಲ್ಲ. ಫಿರಂಗಿ ಎಳೆಯಬೇಕಾದ ಎತ್ತುಗಳು ಹಸಿವಿನಿಂದ, ರೋಗದಿಂದ ಸತ್ತಿದ್ದವು. ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಕಾರ್ನ್‌ವಾಲಿಸ್ ಹಿಂದಿರುಗಿದ. ಕೋಟೆಯೇನೋ ಉಳಿಯಿತು. ಆದರೆ ದಂಡಿನ ಎತ್ತಿಗಿಲ್ಲದ ಹುಲ್ಲು ರೈತನ ಎತ್ತಿಗೆ ಎಲ್ಲಿಂದ ಬರಬೇಕು?

1792ರ ಫೆಬ್ರವರಿಯಲ್ಲಿ ಅವನು ಮತ್ತೆ ಬಂದ. ಈ ಸಲ ಮುತ್ತಿಗೆಯ ಮರೆಗಳಿಗೆ ಬೇಕಾದ ಬುಟ್ಟಿ, ಕಟ್ಟಿಗೆಹೊರೆಗಳಿಗಾಗಿ ಗಂಜಾಂ ಬಳಿಯ ಲಾಲ್‌ಬಾಗಿನ ಮರಗಳು ಉರುಳಿದವು. ಇಂಗ್ಲಿಷರ ಜೊತೆಗೂಡಿದ್ದ ಪರಶುರಾಮ ಭಾವೆಯ ಮರಾಠಾ ದಂಡು ಅದೇ ವರ್ಷ ನಾಗಮಂಗಲವನ್ನು ಹಾಳುಗೆಡವಿತು. ಅಲ್ಲಿ ತಾಳೆ ಜಾತಿಯ ಒಂದೂವರೆ ಲಕ್ಷ ಮರಗಳು ನಾಶವಾದವೆಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಸುಟ್ಟ ಮನೆಗೆ ಮರುವರ್ಷ ಸೂರು ಹೊದಿಸಬಹುದು. ತೆಂಗಿನ ಸಸಿ ಫಲ ಕೊಡಲು ಆರೇಳು ವರ್ಷವಾದರೂ ಕಾಯಬೇಕು.

ಕೆರೆಯ ಕಥೆ ಇನ್ನೂ ಕಠಿಣ. ಪಾಂಡವಪುರದ ಸಮೀಪದ ತೊಣ್ಣೂರು ಕೆರೆಗೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂಬ ಹೆಸರೂ ಇದೆ. ಅದರ ನೀರು ಶತ್ರುವಿಗೆ ದಕ್ಕಬಾರದೆಂದು ಟಿಪ್ಪು ಏರಿಯನ್ನು ಕಡಿಸಿದ. ತೋಡಿದ್ದು ಕಿರಿದಾದ ಕಾಲುವೆ. ನುಗ್ಗಿದ ನೀರು ಏರಿಯ ಬಹುಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಕೆರೆಯನ್ನು ನಂಬಿದ್ದ ಗದ್ದೆಗಳು ಒಣಗಿದವು.

ಇಲ್ಲಿ ಒಂದು ಮಾತು ಗಮನಿಸಬೇಕು. ಮರ ಕಡಿದವರು ಶತ್ರುಗಳು, ಕೆರೆ ಒಡೆಸಿದವನು ನಾಡಿನ ದೊರೆ. ಬೇಸಾಯಗಾರನ ಪಾಲಿಗೆ ಎರಡರ ಫಲವೂ ಒಂದೇ. ಸೋತವರಾರು, ಗೆದ್ದವರಾರು ಎಂಬುದು ಒಪ್ಪಂದದ ಕಾಗದದಲ್ಲಿ ತೀರ್ಮಾನವಾಗುತ್ತದೆ. ಹೊಲದಲ್ಲಿ ಆ ಲೆಕ್ಕ ಬೇರೆ.

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ತೊಣ್ಣೂರಿನ ಏರಿ ಮತ್ತೆ ಎದ್ದಿತು. ಯುದ್ಧವನ್ನು ಗೆದ್ದವರ ಹೆಸರು ನಮಗೆ ಗೊತ್ತು. ಮಣ್ಣು ಹೊತ್ತು ಆ ಏರಿಯನ್ನು ಕಟ್ಟಿದವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಶ್ರೀರಂಗಪಟ್ಟಣದ ಕೋಟೆ ನೋಡಿದವರು ಒಮ್ಮೆ ಆ ಏರಿಯ ಮೇಲೂ ನಡೆದು ಬರಬೇಕು.