ಚೆಂಡು ಒಂದು, ಊರು ಎರಡು



1938ನೆಯ ಇಸವಿಯ ಜೂನ್ 19ರಂದು ಪ್ಯಾರಿಸ್ ನಗರದ ಬಳಿ ಇಟಲಿಯ ಕಾಲ್ಚೆಂಡಿನ ತಂಡವು ಹಂಗೆರಿಯನ್ನು ನಾಲ್ಕಕ್ಕೆರಡು ಗೋಲುಗಳಿಂದ ಸೋಲಿಸಿ, ಎರಡನೆಯ ಬಾರಿ ವಿಶ್ವವಿಜಯಿಯೆನಿಸಿತು. ತಂಡದ ನಾಯಕ ಮಿಲಾನ್ ನಗರದ ಜೂಸೆಪ್ಪೆ ಮೆಯಾತ್ಸಾ. ಅದೇ ವರ್ಷ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಎರಡನೆಯ ಬಾರಿ ಗೆದ್ದಿತು. ಈ ಎರಡು ಗೆಲುವುಗಳನ್ನು ಜೊತೆಯಲ್ಲಿಟ್ಟು ನೋಡುವುದು ವಿನೋದಕ್ಕಲ್ಲ. ಪ್ರತಿಭೆಗೆ ಸಮಾಜವು ಏನು ಕೊಡುತ್ತದೆಂಬುದನ್ನು ತಿಳಿಯುವುದಕ್ಕೆ.

ಮೆಯಾತ್ಸಾ ಹುಟ್ಟಿದ್ದು 1910ರಲ್ಲಿ. ತಂದೆಯನ್ನು ಮೊದಲನೆಯ ಮಹಾಯುದ್ಧದಲ್ಲಿ ಕಳೆದುಕೊಂಡ ಬಡ ಹುಡುಗ, ಹದಿನೇಳರ ಹರೆಯದಲ್ಲಿ ತನ್ನೂರಿನ ಪ್ರಸಿದ್ಧ ಸಂಘದ ಹಿರಿಯರ ತಂಡದಲ್ಲಿ ಆಡತೊಡಗಿದನು. 1929ರಲ್ಲಿ ಇಟಲಿಯ ಅಗ್ರ ಸಂಘಗಳು ಒಂದೇ ಶ್ರೇಣಿಯಲ್ಲಿ ಸೆಣಸುವ ಏರ್ಪಾಡಾಯಿತು. ಅದರ ಮೊದಲ ವರ್ಷದಲ್ಲಿಯೇ ಅವನು 31 ಗೋಲುಗಳನ್ನು ಹೊಡೆದು ಅಗ್ರಗಣ್ಯನಾದನು. ಆಟವೇ ಅವನ ಜೀವನೋಪಾಯವಾಯಿತು. ಆದರೆ ಆ ಏರ್ಪಾಡಿಗೆ ಬೆಲೆಯೂ ಇದ್ದಿತು. ಮುಸೊಲೀನಿಯ ಆಡಳಿತವು ಆಟಗಾರರನ್ನು ತನ್ನ ಪ್ರತಾಪದ ಅಲಂಕಾರವಾಗಿ ಮಾಡಿಕೊಂಡಿತು. 1938ರಲ್ಲಿ ಫ್ರಾನ್ಸಿನ ಮೈದಾನಗಳಲ್ಲಿ ಅವರು ಕೈಯೆತ್ತಿ ಫ್ಯಾಸಿಸ್ಟ್ ವಂದನೆ ಸಲ್ಲಿಸಬೇಕಾಯಿತು.

ಬೆಂಗಳೂರಿನ ಕಥೆ ಬೇರೆ. ದಂಡಿನ ಪ್ರದೇಶವು ಆಗ ಮೈಸೂರು ಸಂಸ್ಥಾನಕ್ಕೆ ಸೇರದೆ, 1947ರ ಜುಲೈವರೆಗೂ ಬ್ರಿಟಿಷರ ಅಧೀನದಲ್ಲಿತ್ತು. ಅಲ್ಲಿನ ಪಲ್ಟನುಗಳ ಮೈದಾನಗಳಿಂದ ಆಟವು ಊರಿನ ಬೀದಿಗಳಿಗೆ ಹರಿಯಿತು. 1891ರಲ್ಲಿ ಆರಂಭವಾದ ರೋವರ್ಸ್ ಕಪ್ಪು ದೀರ್ಘಕಾಲ ಗೋರಾ ಪಲ್ಟನುಗಳ ಸ್ವತ್ತಿನಂತಿತ್ತು. 1937ರಲ್ಲಿ ಬೆಂಗಳೂರಿನ ತಂಡವು, ಕಲ್ಕತ್ತೆಯ ಖ್ಯಾತ ಮಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ, ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡವಾಯಿತು. ಆಳುವವರು ಕಲಿಸಿದ ಆಟದಲ್ಲಿ ಆಳಲ್ಪಡುವವರು ಮುಂದಾದರು. ಯಾವ ಸರ್ವಾಧಿಕಾರಿಗೂ ಕೈಯೆತ್ತಿ ನಮಸ್ಕರಿಸದೆ ಮುಂದಾದರು.

ಆದರೂ ಕೀರ್ತಿಯು ಇಬ್ಬರಿಗೂ ಸಮನಾಗಿ ಉಳಿಯಲಿಲ್ಲ. ಮಿಲಾನಿನ ಮಹಾಕ್ರೀಡಾಂಗಣಕ್ಕೆ 1980ರಲ್ಲಿ ಮೆಯಾತ್ಸಾನ ಹೆಸರನ್ನಿಟ್ಟರು. ನಮ್ಮವರಿಗಾದರೋ ಬಾಳುವೆಗೆ ಆಧಾರವಾಗಬಲ್ಲ ಶ್ರೇಣಿಯೂ ಇರಲಿಲ್ಲ, ಹೆಸರನ್ನು ಕಾಪಾಡುವ ಕಲ್ಲೂ ಇರಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಭಾರತದ ಏಕಮಾತ್ರ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿ ಬರಿಗಾಲಿನಲ್ಲಿ ಆಡಿದ ಅಹಮದ್ ಖಾನ್ ಕೂಡ ಈ ಊರಿನವರೇ. ಆದರೆ ಅವರ ಆಟವು ಪೂರ್ಣವಾಗಿ ಅರಳಿದುದು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದಲ್ಲಿ.

ಪ್ರತಿಭೆಯು ಎಲ್ಲಿಯೂ ಹುಟ್ಟೀತು. ಅದನ್ನು ಸಾಕುವುದೂ, ಸಾಕಿದ ಮೇಲೆ ದಾಸ್ಯಕ್ಕೆ ತಳ್ಳದಿರುವುದೂ, ಕೊನೆಗೆ ನೆನೆಯುವುದೂ ಸಮಾಜದ ಕೆಲಸ. ಇಟಲಿಯು ಮೊದಲನೆಯದನ್ನೂ ಕೊನೆಯದನ್ನೂ ಮಾಡಿತು, ನಡುವಿನದರಲ್ಲಿ ಎಡವಿತು. ನಾವು ನೆನೆಯುವ ಕೆಲಸವನ್ನಾದರೂ ಇಂದು ಆರಂಭಿಸಬಹುದು.