ಕೀಲಿಮಣೆಗೆ ಯಾವ ದೇಶ? ಒಡೆಯರಪಾಳ್ಯದ ಎರಡು ಲಿಪಿಗಳು ಮತ್ತು ಮುಕ್ತ ಆಪರೇಟಿಂಗ್ ಸಿಸ್ಟಂ

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಕನ್ನಡ ಲಿಪಿಯ ಪಕ್ಕದಲ್ಲೇ ಟಿಬೆಟನ್ ಲಿಪಿಯೂ ಬಾಳುತ್ತಿದೆ. 1974ರಲ್ಲಿ ಇಲ್ಲಿ ನೆಲೆಗೊಂಡ ಧೋಂಡೆನ್‌ಲಿಂಗ್ ನಿರಾಶ್ರಿತರ ವಸತಿ ಅದಕ್ಕೆ ಕಾರಣ. ಈ ಎರಡು ಲಿಪಿಗಳು ಲಿನಕ್ಸ್ ಗಣಕದೊಳಗೆ ಹೇಗೆ ಜಾಗ ಪಡೆದವು ಎಂದು ಹುಡುಕಹೊರಟರೆ, ತನ್ನನ್ನು ತಾನೇ ಆಳಿಕೊಳ್ಳುವ ಸಮುದಾಯದಲ್ಲಿ ನಿಯಮಕ್ಕೂ ಬಳಕೆಗೂ ನಡೆಯುವ ಎಳೆದಾಟ ಅತಿ ಸಣ್ಣ ಕಡತಗಳಲ್ಲಿ ಕಾಣಸಿಗುತ್ತದೆ.

ಎಳೆದಾಟದ ದೊಡ್ಡ ಪ್ರಸಂಗಗಳು ಬಲ್ಲವರಿಗೆ ಹಳೆಯವು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಲಿನಕ್ಸ್ ವಿತರಣೆ ಡೆಬಿಯನ್, 1997ರಲ್ಲಿ ಮುಕ್ತ ತಂತ್ರಾಂಶಕ್ಕೆ ಬದ್ಧವೆನ್ನುವ ಸಾಮಾಜಿಕ ಒಪ್ಪಂದವನ್ನೂ ಮರುವರ್ಷ ಸಂವಿಧಾನವನ್ನೂ ಬರೆದುಕೊಂಡಿತು. 2014ರಲ್ಲಿ, ಗಣಕ ಏಳುವಾಗ ಸೇವೆಗಳನ್ನು ಶುರುಮಾಡುವ ತಂತ್ರಾಂಶವಾಗಿ ಸಿಸ್ಟಂಡಿ ಬೇಕೇ ಬೇಡವೇ ಎಂಬಲ್ಲಿ ತಾಂತ್ರಿಕ ಸಮಿತಿ ಸಮನಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ಒಪ್ಪದವರು ಹೊರನಡೆದು ಡೆವುವಾನ್ ಎಂಬ ಬೇರೆ ವಿತರಣೆ ಕಟ್ಟಿದರು. ಮುಕ್ತವಲ್ಲದ ಫರ್ಮ್‌ವೇರ್ ಇಲ್ಲದೆ ಎಷ್ಟೋ ಲ್ಯಾಪ್‌ಟಾಪ್‌ಗಳ ವೈಫೈ ಏಳುವುದೇ ಇಲ್ಲ. 2022ರಲ್ಲಿ ಸದಸ್ಯರು ಮತ ಹಾಕಿ, ಒಪ್ಪಂದದ ಮಾತನ್ನೇ ತಿದ್ದಿ, ಆ ಫರ್ಮ್‌ವೇರನ್ನು ಅನುಸ್ಥಾಪನಾ ಪ್ರತಿಯೊಳಗೆ ಬಿಟ್ಟುಕೊಂಡರು.

ಲಿಪಿಯ ಕಥೆಗೆ ಇಷ್ಟು ಸದ್ದಿಲ್ಲ. ಅಕ್ಷರಗಳಿಗೆ ಸಂಕೇತ ಕೊಡುವ ಮಾನದಂಡವಾದ ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿ ಕನ್ನಡವೂ ಟಿಬೆಟನ್ನೂ ಇದ್ದವು. ಒತ್ತಕ್ಷರಕ್ಕೆ ನಾವು ಎರಡು ವ್ಯಂಜನಗಳ ನಡುವೆ ಹಲಂತ ಚಿಹ್ನೆ (್) ಇಡುತ್ತೇವಲ್ಲ, ಟಿಬೆಟನ್ನಿಗೂ ಆಗ ಅದೇ ಕ್ರಮ. ಆಮೇಲೆ ಆ ಲಿಪಿಯನ್ನು ಕೈಬಿಡಲಾಯಿತು. 1996ರಲ್ಲಿ ಅದು ಮರಳಿದಾಗ ಅಕ್ಷರದ ಕೆಳಗೆ ಕೂರುವ ಅಕ್ಷರಗಳಿಗೇ ಬೇರೆ ಸಂಕೇತಗಳು ಸಿಕ್ಕಿದ್ದವು. ಒಂದೇ ಬ್ರಾಹ್ಮಿಯ ಮಕ್ಕಳಾದರೂ ಒತ್ತಕ್ಷರದಲ್ಲಿ ದಾಯಾದಿಗಳಂತೆ ಬೇರೆ ಬೇರೆ ಮನೆ ಹೂಡಿದವು.

ಮುಂದಿನ ಪ್ರಶ್ನೆ ಕೀಲಿಮಣೆಯದು. ಲಿನಕ್ಸ್‌ನ ಕೀಲಿಮಣೆ ವಿನ್ಯಾಸಗಳು ಎಕ್ಸ್‌ಕೆಬಿ ಸಂಗ್ರಹದಲ್ಲಿವೆ; ಕಡತಗಳಿಗೆ ಬಹುಮಟ್ಟಿಗೆ ದೇಶದ ಸಂಕೇತವೇ ಹೆಸರು. ಭಾರತದ 'ಐಎನ್' ಕಡತದಲ್ಲಿ ಕನ್ನಡಕ್ಕೆ ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಮಾದರಿಯೂ ಇದೆ, ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನ 'ಕಗಪ'ವೂ ಇದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಹಾಗೇ ಅಂತಾರಾಷ್ಟ್ರೀಯ ಕಡತವೊಂದರಲ್ಲಿ ಕೂತಿವೆ. 'ನುಡಿ' ತಂತ್ರಾಂಶದಿಂದ ಕೈ ಪಳಗಿದವರಿಗೆ ಇನ್‌ಸ್ಕ್ರಿಪ್ಟ್ ಒಗ್ಗುವುದಿಲ್ಲ. ಮಾನದಂಡ ಒಂದೇ ಇರಲಿ ಎಂದು ಸಂಗ್ರಹದವರು ಹಟ ಹಿಡಿಯಲಿಲ್ಲ. ಹಿಡಿಯದಿದ್ದುದೇ ಒಳ್ಳೆಯದಾಯಿತು.

ಟಿಬೆಟನ್ ವಿನ್ಯಾಸ ಇರುವುದು 'ಸಿಎನ್' ಕಡತದಲ್ಲಿ, ಅಂದರೆ ಚೀನಾದಲ್ಲಿ. ಅದೇ ಲಿಪಿಯನ್ನು ಜೊಂಗ್ಖಾಕ್ಕೆ ಬಳಸುವ ಭೂತಾನಕ್ಕೆ ಸ್ವಂತ 'ಬಿಟಿ' ಕಡತವಿದೆ. ರಾಜ್ಯವಿದ್ದುದರಿಂದ ಅದಕ್ಕೆ ಸಂಕೇತವಿತ್ತು. 2006ರಲ್ಲಿ ಡೆಬಿಯನ್ ಆಧರಿಸಿ ಜೊಂಗ್ಖಾ ಲಿನಕ್ಸನ್ನೂ ಅದು ಹೊರತಂದಿತು. ದೇಶ ಬಿಟ್ಟು ಬಂದವರಿಗೆ, ದೇಶಸಂಕೇತಗಳನ್ನು ನಿಗದಿ ಮಾಡುವ ಐಎಸ್‌ಒ ಪಟ್ಟಿಯಲ್ಲಿ ಎರಡಕ್ಷರವಿಲ್ಲ.

ಕಡತಕ್ಕೆ ದೇಶದ ಸಂಕೇತವೇ ಹೆಸರೆಂಬ ಈ ನಿಯಮವನ್ನು ಪೂರ್ತಿ ಹಳಿಯಲಾರೆ. ಯಾವ ನೆಲ ಯಾರದು ಎಂದು ಸ್ವಯಂಸೇವಕರು ತೀರ್ಪು ಕೊಡಲು ಕೂತರೆ ಕೀಲಿಮಣೆಯ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹೊರಗಿನ ಪಟ್ಟಿಯೊಂದನ್ನು ಒಪ್ಪಿಕೊಂಡು ಜಗಳ ತಪ್ಪಿಸಿಕೊಂಡಿದ್ದಾರೆ. ಆದರೆ ನಿಯಮ ಬಾಗಿದ ನಿದರ್ಶನಗಳೂ ಇವೆ. ಐಎಸ್‌ಒ ಪಟ್ಟಿ ತೈವಾನನ್ನು ಚೀನಾದ ಪ್ರಾಂತ್ಯವೆಂದೇ ಬರೆಯುತ್ತದೆ. ಡೆಬಿಯನ್ನಿನ ಐಎಸ್‌ಒ-ಕೋಡ್ಸ್ ಪೊಟ್ಟಣ ಅದರ ಜೊತೆಗೆ ಬಳಕೆಯ ಹೆಸರಾಗಿ ಬರೀ 'ತೈವಾನ್' ಎಂದೂ ಸೇರಿಸಿಕೊಂಡಿದೆ. ಭಾಷೆ, ದಿನಾಂಕ, ನಾಣ್ಯಗಳನ್ನು ಹೊಂದಿಸುವ ಗ್ನೂ ಸಿ ಗ್ರಂಥಾಲಯದಲ್ಲಿ 'ಕೆಎನ್-ಐಎನ್' ಇರುವಂತೆಯೇ 'ಬಿಒ-ಐಎನ್' ಕೂಡ ಇದೆ: ಭಾರತದಲ್ಲಿನ ಟಿಬೆಟನ್. ಬೈಲುಕುಪ್ಪೆ, ಮುಂಡಗೋಡು, ಹುಣಸೂರು, ಒಡೆಯರಪಾಳ್ಯಗಳ ಟಿಬೆಟನ್ ವಸತಿಗಳು ಗಣಕಕ್ಕೆ ಗೊತ್ತಿರುವುದು ಆ ಸಾಲಿನಿಂದ.

ಹೀಗಾಗಿ ಧೋಂಡೆನ್‌ಲಿಂಗ್‌ನ ಹುಡುಗಿಯೊಬ್ಬಳು ಲಿನಕ್ಸ್ ಹಾಕಿಕೊಂಡರೆ, ಅವಳ ಭಾಷೆ ಭಾರತದ್ದಾಗಿಯೂ ಕೀಲಿಮಣೆ ಚೀನಾದ್ದಾಗಿಯೂ ಬರುತ್ತದೆ. ಎಕ್ಸ್‌ಕೆಬಿಯಲ್ಲಿ ಒಂದು ಕಡತ ಇನ್ನೊಂದರ ವಿನ್ಯಾಸವನ್ನು ಒಂದೇ ಸಾಲಿನಲ್ಲಿ ಎರವಲು ಪಡೆಯಬಹುದು. 'ಐಎನ್' ಕಡತಕ್ಕೂ ಟಿಬೆಟನ್ ಸೇರಿಸಿ ಎಂಬ ತಿದ್ದುಪಡಿಯನ್ನು, ಕಗಪದ ಉದಾಹರಣೆ ಮುಂದಿಟ್ಟುಕೊಂಡು, ಅವರ ನೆರೆಯವರಾದ ಕನ್ನಡಿಗರೇ ಬರೆದು ಕಳಿಸಬೇಕು.